ದೀಪಗಳಿಗೆ ತಾಳ ಕಲಿಸಿದ ದುರ್ಗವ್ವ

ಬರೆಯುವುದರಲ್ಲಿ ಒಂದೇ ಒಂದು ಸಂಗತಿ ಮುಚ್ಚಿಟ್ಟರೆ ಉಳಿದದ್ದೆಲ್ಲ ನಿಜವಾಗಿಯೇ ಉಳಿಯುತ್ತದೆಯೇ? ಡೈರಿಯಲ್ಲಿ ಹೀಗೆ ಬರೆದು, ಹೊಡೆದುಹಾಕಿ, ಮತ್ತೆ ಅದನ್ನೇ ಬರೆದು ಬಿಂದುಶ್ರೀ ಮಲ್ಲತ್ತಹಳ್ಳಿ ಕೆರೆಗೆ ಬಂದಿದ್ದಾಳೆ. ಯಾರ ಕಣ್ಣಿಗೂ ಬೀಳದೆ ದುಡಿಯುವ ಒಬ್ಬರ ಬಗ್ಗೆ ಭಾನುವಾರದ ಪುರವಣಿಗೆ ಅವಳು ಬರೆದುಕೊಡಬೇಕು. ಕೆರೆಯ ಕಸ ಗುಡಿಸುವ ದುರ್ಗವ್ವನ ಹೆಸರು ಹೇಳಿದ್ದು ಅವಳೇ.

ಬೆಳಗಿನ ಐದೂಮುಕ್ಕಾಲು. ಪೊರಕೆಯನ್ನು ಬೇಲಿಗೆ ಒರಗಿಸಿ ದುರ್ಗವ್ವ ಎದೆಮಟ್ಟದ ಕಂಬದ ಮೇಲಿನ ಬಿಳಿ ಡಬ್ಬಿಯೊಂದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಾರೆ. ಸೋಲಾರ್ ಹಲಗೆಯ ಮೇಲೆ ಕೊಕ್ಕರೆ ಹಿಕ್ಕೆ, ಮೂಲೆಯಲ್ಲಿ ಜೇಡರ ಬಲೆ. ಕೆರೆಯ ಸುತ್ತ ಇಂಥವು ಇಪ್ಪತ್ನಾಲ್ಕಿವೆ. ನೀರು ಎಷ್ಟು ಕೆಟ್ಟಿದೆಯೆಂದು ಅಳೆದು, ತಂತಿಯಿಲ್ಲದೆ ಒಂದರಿಂದ ಇನ್ನೊಂದಕ್ಕೆ ಸುದ್ದಿ ದಾಟಿಸುತ್ತವೆ. ಬ್ಯಾಟರಿ ಉಳಿಸಲು ಮಿಕ್ಕ ಹೊತ್ತು ಮಲಗಿರುತ್ತವೆ. ಹಾಗಾಗಿ ಎಲ್ಲವೂ ಒಂದೇ ಕ್ಷಣಕ್ಕೆ ಎದ್ದು ತಮ್ಮ ಪುಟ್ಟ ದೀಪ ಮಿನುಗಿಸಬೇಕು. ಎಬ್ಬಿಸುವ ಯಜಮಾನ ಮಾತ್ರ ಯಾರೂ ಇಲ್ಲ. ಒಂದೇ ಮರದ ಮಿಂಚುಹುಳಗಳು ಅಕ್ಕಪಕ್ಕ ನೋಡಿಕೊಂಡೇ ಒಟ್ಟಿಗೆ ಮಿನುಗುವ ಹಾಗೆ, ಪ್ರತಿ ಡಬ್ಬಿಯೂ ನೆರೆಯ ಡಬ್ಬಿಯ ಮಿಡಿತಕ್ಕೆ ತನ್ನ ಮಿಡಿತ ಹೊಂದಿಸಿಕೊಳ್ಳುತ್ತದೆ. ಇದು ಬಿಂದುಶ್ರೀ ಎಂ.ಟೆಕ್.ಗೆ ಮಾಡಿದ ಕೆಲಸ.

"ಮತ್ತ ಬಂದಿ? ಪರೀಕ್ಷಾ ಮುಗೀತಲ್ಲ ನಿಂದು?"

"ನಿಮ್ಮ ಬಗ್ಗೆ ಪೇಪರ್‌ಗೆ ಬರೀಬೇಕು ಆಂಟಿ."

"ನನ್ನ ಬಗ್ಗೆ? ಯಾಕ, ಊರಾಗ ಸುದ್ದಿಗೆ ಬರಗಾಲ ಬಂದೈತೇನು?"

ಯಾದಗಿರಿ ಕಡೆಯ ದುರ್ಗವ್ವ ಬೆಂಗಳೂರಿಗೆ ಬಂದು ಹತ್ತೊಂಬತ್ತು ವರ್ಷ. ಮೊದಲ ಹನ್ನೊಂದು ವರ್ಷ ಕಟ್ಟಡದ ಕೆಲಸ: ತಾರಸಿಗೆ ಹಾಕಿದ ಗಾರೆಯನ್ನು ಮರದ ಹಲಗೆಯಿಂದ ಬಡಿದು ಗಟ್ಟಿ ಮಾಡುವುದು. ಅದರ ಗುರುತಾಗಿ ಬಲಗೈ ಈಗ ಹೆಗಲಿನಿಂದ ಮೇಲೆ ಏಳುವುದಿಲ್ಲ. ಸುಂಕದಕಟ್ಟೆಯ ಒಂದು ಕೋಣೆಯ ಮನೆಯಿಂದ ಐದಕ್ಕೇ ಹೊರಡುತ್ತಾರೆ. ದಿನಕ್ಕೆ ಕೆರೆಗೆ ಎರಡು ಸುತ್ತು, ಏಳೆಂಟು ಚೀಲ ಕಸ. ಡಬ್ಬಿ ಒರೆಸೆಂದು ಅವರಿಗೆ ಯಾರೂ ಹೇಳಿಲ್ಲ.

"ಕಣ್ಣಾಗ ಧೂಳು ಬಿದ್ರ ನೀ ಒರಸ್ಕೊಂತಿ. ಅದಕ್ಕ ಕೈ ಇಲ್ಲಲ್ಲ," ಎನ್ನುತ್ತಾರೆ.

ಬಿಂದುಶ್ರೀ ಬರೆದುಕೊಳ್ಳುತ್ತಾಳೆ. ಬರೆಯದೆ ಬಿಟ್ಟಿರುವುದು ಫೆಬ್ರವರಿಯ ಸಂಗತಿ. ಆಗ ಡಬ್ಬಿಗಳಿಗೆ ಹುಚ್ಚು ಹಿಡಿದಿತ್ತು. ಒಂದು ಮಿನುಗಿದರೆ ಪಕ್ಕದ್ದು, ಅದನ್ನು ಕೇಳಿ ಮತ್ತೆ ಮೊದಲಿನದು, ಹೀಗೆ ಮಿಡಿತ ಏರುತ್ತಾ ಹೋಗಿ ಬ್ಯಾಟರಿಗಳು ಸಾಯುತ್ತಿದ್ದವು. ಮೂರು ವಾರ ತಡಕಿದರೂ ಅವಳಿಗೆ ತಪ್ಪು ಸಿಕ್ಕಿರಲಿಲ್ಲ. ಕಸ ಗುಡಿಸುತ್ತಲೇ ನೋಡಿದ ದುರ್ಗವ್ವ ಅಂದಿದ್ದರು:

"ಇವು ಹೊಸಾ ಆಳು ಇದ್ದಂಗ ಅದಾವ. ತಾರಸಿ ಮ್ಯಾಲ ಇಪ್ಪತ್ತು ಮಂದಿ ಸಾಲಾಗಿ ಬಡಿಯೂಮುಂದ ಎದುರಿನ ಗ್ವಾಡಿಯಿಂದ ನಮ್ಮ ಸಪ್ಪಳಾನ ನಮಗ ತಿರುಗಿ ಬರ್ತೈತಿ. ಹೊಸಬಾಕಿ ಅದನ್ನ ಬ್ಯಾರೆಯವರದು ಅನ್ಕೊಂಡು ಲಗೂ ಬಡೀತಾಳ. ಆಕೀನ್ನ ಕೇಳಿ ಬಾಜೂದಾಕಿ. ತಾಳಾನ ಕೆಡ್ತೈತಿ. ಬಡಿದ ಕೂಡ್ಲೆ ಕಿವುಡಾಗಬೇಕು ತಂಗಿ. ಹಲಗಿ ಎತ್ತಿದ ಮ್ಯಾಲೇ ಕಿವಿ ಕೊಡಬೇಕು."

ಅಂದೇ ಅವಳು ಪ್ರೋಗ್ರಾಮ್ ತಿದ್ದಿದಳು: ಮಿನುಗಿದ ಮೇಲೆ ಒಂದು ಚಣ ಯಾರ ಮಾತನ್ನೂ ಕೇಳಬೇಡ. ಕಾಲು ಗಂಟೆಯಲ್ಲಿ ಇಪ್ಪತ್ನಾಲ್ಕೂ ಒಟ್ಟಿಗೆ ಮಿನುಗಿದವು.

ಕಾಲೇಜಿನಲ್ಲಿ ಐವರು ಮೇಷ್ಟ್ರುಗಳು "ಹೇಗಮ್ಮ ಹೊಳೀತು?" ಎಂದು ಕೇಳಿದಾಗ, ಕಸ ಗುಡಿಸುವವರ ಹೆಸರು ಹೇಳಿದರೆ ನಕ್ಕಾರೆಂದು ಅವಳ ನಾಲಿಗೆ ಹಿಂಜರಿಯಿತು. "ಮಿಂಚುಹುಳದ ವಿಡಿಯೊ ನೋಡ್ತಾ ಹೊಳೀತು ಸಾರ್" ಎಂದುಬಿಟ್ಟಳು. ಬಹುಮಾನ ಬಂತು. ಪೇಪರಿನಲ್ಲಿ ಫೋಟೊ ಬಂತು.

ಆ ಫೋಟೊ ಕೆರೆಯ ಗೇಟಿನ ಕೋಣೆಯಲ್ಲಿ ಇನ್ನೂ ಅಂಟಿಕೊಂಡಿದೆ. ಅಂಟಿಸಿದ ಕಾವಲುಗಾರ ಮರಿಯಪ್ಪ ಈಗ ಮೂರು ಲೋಟ ಟೀ ಹಿಡಿದು ಬರುತ್ತಿದ್ದಾರೆ.

"ಏನ್ ಮೇಡಂ, ದುರ್ಗವ್ವನ್ನ ಪೇಪರ್‌ಗೆ ಹಾಕ್ತೀರಾ? ಕಸಬರಿಕೆ ಹಿಡ್ಕೊಂಡೇ ನಿಲ್ಸಿ, ಇಲ್ದಿದ್ರೆ ಗುರುತು ಸಿಗಲ್ಲ!"

"ನಿನ್ನ ಫೋಟೊ ಹಾಕಿದ್ರ ಕುರ್ಚಿ ಸಮೇತ ಹಾಕಬೇಕು, ನಿದ್ದಿಗಣ್ಣಪ್ಪ," ದುರ್ಗವ್ವ ಬಿಡುವುದಿಲ್ಲ. ಆಮೇಲೆ ಬಿಂದುಶ್ರೀಯ ಕಡೆ ತಿರುಗಿ, "ನಿನ್ನ ಸುದ್ದೀನೂ ಇವನೇ ಓದಿ ಹೇಳಿದ್ದ ತಂಗಿ. ಹುಳ ನೋಡಿ ಕಲ್ತೀಯಂತಲ್ಲ. ಹುಳ ಭಾಳ ಶ್ಯಾಣೆ ಅದಾವ ಬಿಡು."

ದನಿಯಲ್ಲಿ ಕೊಂಕಿಲ್ಲ. ಕೊಂಕಿದ್ದಿದ್ದರೆ ಚೆನ್ನಾಗಿತ್ತು. ಬಿಂದುಶ್ರೀಗೆ ಟೀ ಲೋಟದಿಂದ ಕಣ್ಣೆತ್ತಲಾಗುವುದಿಲ್ಲ. ಕೇಳಬೇಕಿದ್ದ ಕೊನೆಯ ಪ್ರಶ್ನೆಯನ್ನು ಹೇಗೋ ಕೇಳುತ್ತಾಳೆ: "ನಿಮಗೇನಾದ್ರೂ ಆಸೆ ಇದ್ಯಾ ಆಂಟಿ?"

"ಒಂದು ಸ್ಟೂಲ್ ಕೊಡಸ್ತಾರೇನು ಕೇಳು. ಹದಿನೇಳನೇ ಡಬ್ಬಿ ಎತ್ತರದಾಗ ಐತಿ, ಕೈ ನಿಲುಕಂಗಿಲ್ಲ. ಅದೊಂದ ಹೊಲಸಾಗಿ ಉಳೀತೈತಿ."

"ಮೇಡಂ ಹೇಳಿದ್ರೆ ಸ್ಟೂಲ್ ಏನು, ಏಣೀನೇ ಬರುತ್ತೆ," ಮರಿಯಪ್ಪ ನಗುತ್ತಾರೆ. "ಹುಳ ನೋಡಿ ದೀಪಕ್ಕೆ ಬುದ್ಧಿ ಕಲ್ಸಿದೋರು!"

ಕೆರೆಯ ಸುತ್ತ ದೀಪಗಳು ಒಟ್ಟಿಗೆ ಒಮ್ಮೆ ಮಿನುಗಿ ಆರುತ್ತವೆ. ಬಿಂದುಶ್ರೀ ನೋಟ್‌ಬುಕ್ ಮುಚ್ಚುತ್ತಾಳೆ.

"ಹುಳ ಅಲ್ಲ ಮರಿಯಪ್ಪಣ್ಣ," ಎನ್ನುತ್ತಾಳೆ. ದನಿ ಸಣ್ಣದು, ಆದರೆ ಇಬ್ಬರಿಗೂ ಕೇಳಿಸುತ್ತದೆ. "ಅದನ್ನ ಹೇಳ್ಕೊಟ್ಟಿದ್ದು ದುರ್ಗವ್ವ. ನಾನು ಸುಳ್ಳು ಹೇಳಿದ್ದೆ."