ಆಟ ಮುಗಿಯುವ ಮೊದಲೇ ಮೆರವಣಿಗೆ

ಕಳೆದ ರವಿವಾರ ಸಂಜೆ ನಾನು ಒಬ್ಬ ಮನುಷ್ಯನನ್ನು ಅಪಹರಿಸಿದೆ.

ಒಬ್ಬನೇ ಅಲ್ಲ, ನನ್ನ ಜೊತೆ ನೂರಾರು ಜನ ಇದ್ದರು. ಎಲ್ಲರ ಕಣ್ಣೆದುರಿಗೇ, ಹಲಗಿ ಬಾರಿಸುತ್ತ, ಗದಗಿನ ಮೈದಾನದಿಂದ ಸ್ಟೇಷನ್ ರಸ್ತೆಯವರೆಗೆ ಅವನನ್ನು ಹೊತ್ತುಕೊಂಡು ಹೋದೆವು. ಅವನ ಎಡಗಾಲು ನನ್ನ ಹೆಗಲ ಮೇಲಿತ್ತು. ದಾರಿಯುದ್ದಕ್ಕೂ ಅವನು ಒಂದೇ ಮಾತು ಒದರುತ್ತಿದ್ದ: "ಇಳಸ್ರೋ ನನ್ನ! ಆಟ ಇನ್ನೂ ಮುಗದಿಲ್ರೋ!"

ಯಾರಾದರೂ ಕೇಳಿದರೆ ತಾನೇ?

ಹೊತ್ತದ್ದು ಯಾರನ್ನು, ಯಾಕೆ ಎನ್ನುವ ಮೊದಲು ನನ್ನ ಫಜೀತಿ ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ. ನೌಕರಿ ಗದಗಿನಲ್ಲಿ. ಹೆಂಡತಿಯ ತವರು ಬೆಟಗೇರಿ. ಇಂಥವನು, ಗದಗ-ಬೆಟಗೇರಿಯವರಿಗೂ ಲಕ್ಷ್ಮೇಶ್ವರದ ಕಡೆಯವರಿಗೂ ಫುಟ್‌ಬಾಲ್ ಫೈನಲ್ ನಡೆದರೆ ಎಲ್ಲಿ ನಿಲ್ಲಬೇಕು? "ನಾನು ಪತ್ರಿಕೆಗೆ ಬರೆಯುವವನು, ನಡುವೆ ನಿಲ್ಲುತ್ತೇನೆ" ಎಂದು ಮನೆಯಲ್ಲಿ ಹೇಳಿ ಹೊರಟೆ. ಹೆಂಡತಿ ನಕ್ಕಳು. (ಅವಳು ನಗುವುದು ಕಡಿಮೆ. ನಕ್ಕಾಗಲೇ ನಾನು ಹುಷಾರಾಗಬೇಕಿತ್ತು.)

"ಲಕ್ಷ್ಮೇಶ್ವರದ ಕಡೆಯವರು" ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಲಕ್ಷ್ಮೇಶ್ವರದಲ್ಲಿ ನೆಟ್ಟಗೆ ಒಂದು ಟೀಮಿಗೆ ಆಗುವಷ್ಟು ಆಟಗಾರರಿಲ್ಲ. ಶಿರಹಟ್ಟಿಯಲ್ಲೂ ಇಲ್ಲ, ಮುಂಡರಗಿಯಲ್ಲೂ ಇಲ್ಲ. ಮೂರೂ ಊರಿನ ಹುಡುಗರನ್ನು ಕೂಡಿಸಿ ಒಂದು ಟೀಮು ಕಟ್ಟಿದವನು ನನ್ನ ಸೋದರಮಾವ ಚೆನ್ನಬಸಪ್ಪ. ಲಕ್ಷ್ಮೇಶ್ವರದ ಪೇಟೆಯಲ್ಲಿ ಕಾಳಿನ ದಲಾಲಿ. ಕೂಡ್ರುವುದು ಜೋಳದ ಚೀಲದ ಮೇಲೆ, ಆಡುವ ಮಾತೆಲ್ಲ ಫುಟ್‌ಬಾಲಿನದು. ತಾನು ಮಾತ್ರ ಒಮ್ಮೆಯೂ ಆಡಿದವನಲ್ಲ. ಹೊಟ್ಟೆ ಬಿಡುವುದಿಲ್ಲ.

ಈ ಮೂರು ಊರುಗಳನ್ನು ಕೂಡಿಸುವುದು ಸುಲಭವೇ? ಮೊನ್ನೆ ಮೊನ್ನೆಯ ತನಕ ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು. ಶಿರಹಟ್ಟಿ ಸಾಂಗ್ಲಿಯದು. ಮುಂಡರಗಿ ಇಂಗ್ಲಿಷರದು. ಚಕ್ಕಡಿ ಹೂಡಿಕೊಂಡು ಬೀಗರ ಮನೆಗೆ ಹೋಗಬೇಕೆಂದರೆ ನಡುವೆ ಸುಂಕದ ನಾಕೆ. ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋದವು, ನಾಕೆಯ ಗುಡಿಸಲು ಬಿತ್ತು. ಆದರೆ ಆಟದಲ್ಲಿ ಒಬ್ಬ ಪಾಸು ಕೊಡದೆ ಚೆಂಡನ್ನು ತಾನೇ ಇಟ್ಟುಕೊಂಡನೋ, "ಮಿರಜಿನ ಬುದ್ಧಿ ಬಿಡಲಿಲ್ಲ ನೋಡು" ಎನ್ನುವುದು ಹೋಗಲಿಲ್ಲ. ಅದಕ್ಕೆ ಉತ್ತರವಾಗಿ ಸಾಂಗ್ಲಿಯ ಏಳು ತಲೆಮಾರನ್ನು ಎಳೆದು ತರುವುದೂ ಹೋಗಲಿಲ್ಲ.

ಹೋದ ವರ್ಷವೂ ಅದರ ಹಿಂದಿನ ವರ್ಷವೂ ಟೀಮು ಸೋತಿತು. ಕಾರಣ ಇದೇ. ಒಬ್ಬರಿಗೊಬ್ಬರು ಪಾಸು ಕೊಡಲಿಲ್ಲ. ಈ ಸಲ ಶಿರಹಟ್ಟಿಯ ಹಿರಿಯ ಶಿವನಗೌಡರು ಮಾವನ ಅಂಗಡಿಗೇ ಬಂದು ಹೇಳಿಬಿಟ್ಟರು: "ಈ ಸಲ ಸೋತ್ರ ಮುಗೀತ್ರಿ ದಲಾಲ್ರ. ನಮ್ಮ ಹುಡುಗುರು ನಮ್ಮೂರಾಗ ಕುಸ್ತಿ ಆಡಿಕೊಂಡು ಇರ್ತಾವು. ನಿಮ್ಮ ಸಂಗ ಸಾಕು."

ಆ ದಿನ ಮಾವ ಉಣ್ಣಲಿಲ್ಲವಂತೆ. (ಎರಡು ರೊಟ್ಟಿ ತಿಂದನೆಂದು ಅತ್ತೆ ಹೇಳಿದರು. ಅವನ ಮಟ್ಟಿಗೆ ಅದು ಉಪವಾಸವೇ.) ಆಮೇಲೆ ನನ್ನ ಮನೆಗೆ ಬಂದ. ಬಂದವನೇ ಹೇಳಿದ: "ಆಟದ ಕಪ್ಪ ಹೋದರ ಹೋಗ್ಲಿ ಅಳಿಯಾ. ಟೀಮ ಒಡದರ ಮತ್ತ ಕೂಡಂಗಿಲ್ಲ."

ಹೀಗೆ ಬಂತು ಫೈನಲ್ಲು. ಮೂರೂ ಊರಿನ ಜನ ಲಾರಿಯಲ್ಲಿ ನಿಂತು ಬಂದರು, ಚಕ್ಕಡಿಯಲ್ಲಿ ಬಂದರು, ಬುತ್ತಿ ಗಂಟು ಹಿಡಿದು ನಡೆದೂ ಬಂದರು. ಜೊತೆಗೆ ಹಲಗಿ. ಫುಟ್‌ಬಾಲಿಗೆ ಹಲಗಿ ಯಾಕೆ? ಯಾಕೆಂದರೆ ನಮ್ಮ ಕಡೆಯ ಹಿರಿಯರಿಗೆ ಗೊತ್ತಿರುವ ಆಟ ಒಂದೇ, ಕುಸ್ತಿ. ಅದರ ಪದ್ಧತಿ ನಿಮಗೂ ಗೊತ್ತು. ಎದುರಾಳಿಯ ಬೆನ್ನು ಮಣ್ಣಿಗೆ ಹತ್ತಿತೋ, ಅಲ್ಲಿಗೆ ಮುಗಿಯಿತು. ಗೆದ್ದವನ ತಲೆಗೆ ಹಿರಿಯರು ರುಮಾಲು ಸುತ್ತಬೇಕು. ಹೆಗಲ ಮೇಲೆ ಹೊರಬೇಕು. ಹಲಗಿ ಮುಂದೆ ಮಾಡಿ ಊರೊಳಗೆ ಮೆರೆಸಬೇಕು. ತಡ ಮಾಡಿದರೆ ಪೈಲ್ವಾನನಿಗೆ ಅವಮಾನ.

ಇದು ನೆನಪಿರಲಿ.

ನಾನು ಹೇಳಿದಂತೆ ನಡುವೆಯೇ ನಿಂತೆ. ಎಷ್ಟು ಹೊತ್ತು? ಒಂದು ರೊಟ್ಟಿ ತಿನ್ನುವಷ್ಟು ಹೊತ್ತು. ಆ ರೊಟ್ಟಿ ಕೊಟ್ಟವರು ಪಕ್ಕದಲ್ಲಿದ್ದ ಮುಂಡರಗಿಯ ಒಬ್ಬ ಅಜ್ಜ. ಶೇಂಗಾ ಚಟ್ನಿ ಹಚ್ಚಿ ಕೈಗಿಟ್ಟು, ನಾನು ತಿಂದು ಮುಗಿಸುವುದನ್ನೇ ಕಾದು, "ತಿಂದೀರಿಲ್ಲೋ? ಈಗ ಒದರ್ರಿ" ಎಂದರು. ಮೊದಲು ಮೆಲ್ಲಗೆ ಒದರಿದೆ. ಆಮೇಲೆ ಸ್ವಲ್ಪ ಜೋರಾಗಿ. ಆಫೀಸಿನಲ್ಲಿ "ಯೆಸ್ ಸರ್, ಯೆಸ್ ಸರ್" ಎಂದು ಸಣ್ಣಗಾಗಿದ್ದ ಗಂಟಲು ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಎಷ್ಟು ಹಿತವಾಯಿತು ಗೊತ್ತೇ! ಅಕ್ಕಪಕ್ಕದವರ ಹೆಸರು ಗೊತ್ತಿಲ್ಲ, ಜಾತಿ ಗೊತ್ತಿಲ್ಲ. ಚೆಂಡು ಆ ಕಡೆ ಹೋದರೆ ಎಲ್ಲರ ಉಸಿರು ಒಟ್ಟಿಗೇ ಮೇಲೆ, ಈ ಕಡೆ ಬಂದರೆ ಒಟ್ಟಿಗೇ ಕೆಳಗೆ.

ಹಾಫ್‌ಟೈಮ್ ಆಯಿತು. ಗೋಲಿಲ್ಲ. ಗದಗ-ಬೆಟಗೇರಿಯವರ ಕಾಲಲ್ಲಿ ಬೂಟು, ನಮ್ಮವರದು ಬರಿಗಾಲು. ಇನ್ನು ಕಾಲು ತಾಸು ಆಟ ಉಳಿದಿರುವಾಗ ಶಿರಹಟ್ಟಿಯ ಫಕ್ಕೀರಪ್ಪ ಚೆಂಡು ಹಿಡಿದ. ಹಳ್ಳಿ ಹಳ್ಳಿ ನಡೆದು ಟಪಾಲು ಹಂಚುವ ಆಳು. ಅವನ ಕಾಲಿನ ಬಗ್ಗೆ ನಾನು ಬೇರೆ ಹೇಳಬೇಕೇ? ಮೂವರನ್ನು ದಾಟಿ ಓಡಿ, ಹೊಡೆದೇಬಿಟ್ಟ.

ಗೋಲು!

ಮೈದಾನದ ಸುತ್ತ ಕಟ್ಟಿದ್ದ ಹಗ್ಗ ಹರಿಯಿತು. ಯಾರು ಹರಿದರೋ ಗೊತ್ತಿಲ್ಲ. ಎಲ್ಲರೂ ಮೈದಾನಕ್ಕೆ ನುಗ್ಗಿದೆವು. ಶಿವನಗೌಡರು ತಮ್ಮ ಕೆಂಪು ರುಮಾಲು ಬಿಚ್ಚಿ ಫಕ್ಕೀರಪ್ಪನ ತಲೆಗೆ ಗಟ್ಟಿಯಾಗಿ ಸುತ್ತಿದರು. ಹಲಗಿ ಶುರುವಾಯಿತು. ಅವನನ್ನು ಎತ್ತಿದೆವು, ಹೊರಟೆವು! (ಫುಟ್‌ಬಾಲ್ ಆಟ ಎಷ್ಟು ಹೊತ್ತು, ಯಾವಾಗ ಮುಗಿಯುತ್ತದೆ ಎಂಬುದನ್ನು ಹಿಂದಿನ ವಾರ ಇದೇ ಅಂಕಣದಲ್ಲಿ ವಿವರಿಸಿದವನು ನಾನೇ. ಓದಿದವರು ದಯವಿಟ್ಟು ನಗಬೇಡಿ.)

ಟಾಂಗಾ ಸ್ಟ್ಯಾಂಡಿನ ಹತ್ತಿರ ಬಂದಾಗ ಹಿಂದಿನಿಂದ ಒಂದು ಸೈಕಲ್ ಬಂತು. ತುಳಿಯುತ್ತಿದ್ದವನು ಯಾರೋ. ಕ್ಯಾರಿಯರ್ ಮೇಲೆ ಮಾವ. ಸೈಕಲ್ ನಿಲ್ಲುವ ಮೊದಲೇ ಧುಮುಕಿದ.

"ಲೇ ಅಳಿಯಾ! ನೀನೂ ಅದೀಯೇನಲೇ ಇದರಾಗ? ಅಲ್ಲೆ ನಮ್ಮವ್ರು ಹತ್ತ ಮಂದಿ ಆಡಾಕತ್ತಾರ! ಒಂದ ಗೋಲ ತಿರುಗಿ ಹೊಡದ್ರೋ ಅವ್ರು!"

ಹಲಗಿ ನಿಂತಿತು. ಹುಬ್ಬಳ್ಳಿಯಿಂದ ಬಂದಿದ್ದ ರೆಫ್ರೀ ಬಹಳ ಖಡಕ್ ಮನುಷ್ಯ. ಒಂದೆರಡು ನಿಮಿಷ ಕಾದು, ಮೆರವಣಿಗೆ ಹಿಂದಕ್ಕೆ ಹೊಳ್ಳದಿದ್ದಾಗ ಸೀಟಿ ಊದಿ ಆಟ ನಡೆಸಿದ್ದ.

ಗೌಡರಿಗೆ ನಂಬಿಕೆಯೇ ಬರಲಿಲ್ಲ. "ಒಮ್ಮೆ ಚಿತ್ ಮಾಡಿದ ಮ್ಯಾಲೆ ಮತ್ತೇನ ಉಳೀತ್ರಿ?"

"ಗೌಡ್ರ, ಇದು ಕುಸ್ತಿ ಅಲ್ರಿ! ಕಡೀ ಸೀಟಿ ಊದೂತನಾ ಮುಗಿಯಂಗಿಲ್ರಿ!" ಎಂದು ಮಾವ ಒದರಿದ.

ಗೌಡರ ಮುಖ ನೋಡಬಾರದಾಗಿತ್ತು. ಸೋತರೆ ಟೀಮು ಒಡೆಯುತ್ತೇನೆ ಎಂದವರು ಅವರು. ಈಗ ಸೋಲಿಗೆ ಹಾದಿ ಮಾಡಿಕೊಟ್ಟವರೂ ಅವರೇ. ಬರಿದಲೆಯಲ್ಲಿ ರಸ್ತೆಯ ನಡುವೆ ನಿಂತುಬಿಟ್ಟರು.

"ಹೊತಗೊಂಡ ಹೊಳ್ಳರಿ!" ಎಂದು ಯಾರೋ ಕೂಗಿದರು. "ಇಳಸ್ರೋ ಪುಣ್ಯಾತ್ಮರ್ಯಾ, ನಾ ಓಡಿದ್ರ ಜಲ್ದಿ ಮುಟ್ಟತೀನಿ!" ಎಂದು ಫಕ್ಕೀರಪ್ಪ ನನ್ನ ಹೆಗಲನ್ನೇ ಒದ್ದು ಕೆಳಗೆ ಹಾರಿದ. ಓಡಿದ. ರುಮಾಲು ತಲೆಯ ಮೇಲೇ ಇತ್ತು. ನಾವೂ ಓಡಿದೆವು. ಹಲಗಿಯವನೂ ಓಡಿದ. ಗೌಡರು ಧೋತರ ಎತ್ತಿ ಕಟ್ಟಿ ನಮ್ಮೆಲ್ಲರಿಗಿಂತ ಮುಂದೆ ಓಡಿದರು.

ಮೈದಾನದ ಅಂಚಿನಲ್ಲಿ ರೆಫ್ರೀ ಕೈ ಅಡ್ಡ ಹಿಡಿದ. ಹೇಳದೆ ಕೇಳದೆ ಹೊರಗೆ ಹೋದವನಿಗೆ ಒಳಗೇನು ಕೆಲಸ?

"ನಾ ಎಲ್ಲಿ ಹೋಗೇನ್ರೀ ಸಾಹೇಬ್ರ? ಇವ್ರು ಒಯ್ದಾರ್ರಿ!" ಫಕ್ಕೀರಪ್ಪನಿಗೆ ಅಳುವೇ ಬಂದಿತ್ತು.

ಆಗ ಮುಂದೆ ಬಂದವನು ಗದಗ-ಬೆಟಗೇರಿಯ ಕ್ಯಾಪ್ಟನ್ ಈರಣ್ಣ. ಬೆಟಗೇರಿಯ ನೇಕಾರ, ನನ್ನ ಹೆಂಡತಿಯ ತಮ್ಮ. "ಒಳಗ ಬಿಡ್ರಿ ಸಾಹೇಬ್ರ. ಹತ್ತ ಮಂದಿ ಮ್ಯಾಲೆ ಗೆದ್ದು ನಾಳಿ ಪ್ಯಾಟ್ಯಾಗ ಹೆಂಗ ಅಡ್ಡಾಡೂದ್ರಿ?"

ಎಂಥ ಮಾತು! ಬೆಟಗೇರಿಯ ಮೇಲೆ ನನಗೆ ಆ ಕ್ಷಣ ಪ್ರೀತಿ ಉಕ್ಕಿತು. (ಅವರು ಸೋಲಲಿ ಎಂಬ ಆಸೆ ಮಾತ್ರ ಹಾಗೇ ಉಳಿಯಿತು.)

ರೆಫ್ರೀ ಕೈ ಇಳಿಸಿದ. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತು. ಚೆಂಡು ಬಲಗಡೆಯಲ್ಲಿ ನಮ್ಮ ಲಕ್ಷ್ಮೇಶ್ವರದ ಹುಡುಗನ ಕಾಲಿಗೆ ಬಂತು. ಎರಡು ವರ್ಷದಿಂದ ಯಾರಿಗೂ ಪಾಸು ಕೊಡದ ಪುಣ್ಯಾತ್ಮ ಅವನು. ಗೋಲು ಎದುರಿಗೇ ಇತ್ತು. ಹೊಡೆಯಬಹುದಿತ್ತು. ಅವನು ತಲೆ ಎತ್ತಿದ. ಗುಂಪಿನ ನಡುವೆ ಕೆಂಪು ರುಮಾಲೊಂದು ಓಡಿ ಬರುತ್ತಿತ್ತು. ಚೆಂಡನ್ನು ಎತ್ತಿ ಆ ಕಡೆಗೇ ಕಳಿಸಿದ. ಮಿರಜಿನವನು ಸಾಂಗ್ಲಿಯವನಿಗೆ ಪಾಸು ಕೊಟ್ಟ!

ಫಕ್ಕೀರಪ್ಪ ಜಿಗಿದು ರುಮಾಲು ಸುತ್ತಿದ ತಲೆಯಿಂದಲೇ ಗುದ್ದಿದ. ರುಮಾಲು ಬಿಚ್ಚಿ ಅವನ ಮುಖದ ಮೇಲೆ ಬಿತ್ತು. ಚೆಂಡು ಗೋಲಿನೊಳಗೆ ಬಿತ್ತು. ಗೋಲನ್ನು ಊರೆಲ್ಲ ನೋಡಿತು, ಹೊಡೆದವನೊಬ್ಬನೇ ನೋಡಲಿಲ್ಲ.

ಈಗ ಕೇಳಿ. ನಮ್ಮ ಕಡೆಯಿಂದ ಒಂದು ಸದ್ದಿಲ್ಲ. ನೂರಾರು ಜನ ಒಬ್ಬರ ಕೈ ಒಬ್ಬರು ಗಟ್ಟಿಯಾಗಿ ಹಿಡಿದು ನಿಂತಿದ್ದೆವು. "ಯಾರೂ ಜಾಗಾ ಬಿಡಬ್ಯಾಡ್ರೋ!" ಎಂದು ಗೌಡರು ಪಿಸುಗುಟ್ಟಿದರು. ಹಲಗಿಯವನಿಗೆ ತಡೆಯಲಾಗಲಿಲ್ಲ. "ಬಾರಿಸ್ಲೇನ್ರೀ ಗೌಡ್ರ?"

"ಕೈ ಮುಟ್ಟಿಸಿದರ ನೋಡು!"

ಆಚೆ ಕಡೆಯಿಂದ ಗದಗಿನವನೊಬ್ಬ ಕೇಳಿದ: "ಏನ್ರೀ, ಗೋಲ ಹೊಡದೀರಿ, ಸತ್ತ ಮನಿ ಮುಂದ ನಿಂತಂಗ ನಿಂತೀರಲ್ರಿ?"

ಆ ಕೆಲವು ನಿಮಿಷದಲ್ಲಿ ನನ್ನ ಬಲಗೈ ಮುಂಡರಗಿಯ ಅಜ್ಜನ ಹತ್ತಿರ ಇತ್ತು, ಎಡಗೈ ಶಿರಹಟ್ಟಿಯ ಗೌಡರ ಹತ್ತಿರ. ಎರಡೂ ಕಡೆ ಬೆರಳು ಮುರಿಯುವಂಥ ಹಿಡಿತ. ಮಾವ ಆಟದ ಕಡೆ ಬೆನ್ನು ಮಾಡಿ ಕಣ್ಣು ಮುಚ್ಚಿ ನಿಂತಿದ್ದ.

ಉದ್ದನೆಯ ಸೀಟಿ ಕೇಳಿತು.

ಆಗಲೂ ಯಾರೂ ಅಲುಗಲಿಲ್ಲ. ಗೌಡರು ನನ್ನ ಕಿವಿಯ ಹತ್ತಿರ ಬಂದರು. "ಪೇಪರಿಗೆ ಬರಿಯಾವ್ರ, ಈಗ ಖರೇನ ಮುಗೀತೇನ್ರಿ?"

"ಖರೇನ ಮುಗೀತ್ರಿ ಗೌಡ್ರ."

"ಮತ್ತೊಮ್ಮೆ ಕೇಳಿ ಬರ್ರಿ ಅವನ್ನ."

ಓಡಿಹೋಗಿ ರೆಫ್ರೀಯನ್ನು ಕೇಳಿದೆ. ಆ ಖಡಕ್ ಮನುಷ್ಯ ಮೊದಲ ಸಲ ನಕ್ಕ. "ಮುಗೀತು. ಈಗ ಯಾರನ್ನ ಬೇಕಾದ್ರೂ ಒಯ್ರಿ."

ಒಯ್ದೆವು! ಹನ್ನೊಂದೂ ಜನರನ್ನು ಒಯ್ದೆವು. ಹಲಗಿಯವನು ತಡೆದಿಟ್ಟ ಸಿಟ್ಟನ್ನೆಲ್ಲ ಹಲಗಿಯ ಮೇಲೆ ತೀರಿಸಿದ. ಮಾವನನ್ನೂ ಎತ್ತಿದರು. (ಎಂಟು ಜನ ಬೇಕಾಯಿತು.) ಈರಣ್ಣ ಬಂದು ಫಕ್ಕೀರಪ್ಪನನ್ನು ಅಪ್ಪಿಕೊಂಡಾಗ, ಅವನನ್ನೂ ಬಿಡದೆ ಎತ್ತಿದೆವು.

ಗೆದ್ದ ಕಪ್ಪು ಕೈಗೆ ಬಂತು. ಹೊಸ ಪ್ರಶ್ನೆ. ಮೂರು ಊರು, ಒಂದು ಕಪ್ಪು. ಇನ್ನೇನು ಮತ್ತೆ ಮಿರಜು, ಸಾಂಗ್ಲಿ ಶುರುವಾಗುತ್ತದೆ ಎಂದು ನಾನು ಹೆದರಿದೆ. ಗೌಡರು ಅದನ್ನು ಎತ್ತಿ ಮಾವನ ಕೈಗೆ ಕೊಟ್ಟರು. "ಪಾಸ ಕೊಟ್ಟಾಂವ ಲಕ್ಷ್ಮೇಶ್ವರದಾಂವ. ಮೊದಲ ಅಲ್ಲೇ ಇರ್ಲಿ. ಆಮ್ಯಾಲೆ ಮುಂಡರಗಿ. ಕಡೀಕ ನಮ್ಮೂರು."

ಮಾವ ಕಪ್ಪನ್ನು ಎದೆಗೆ ಅವುಚಿಕೊಂಡು ಕೇಳಿದ. "ಗೌಡ್ರ, ಮತ್ತ ಮುಂದಿನ ವರ್ಷ ಟೀಮು...?"

"ಏನ ಕೇಳ್ತೀರಿ ದಲಾಲ್ರ? ಆ ರುಮಾಲಂತೂ ಫಕ್ಕೀರಪ್ಪಗ ಹೋತು. ಮುಂದಿನ ವರ್ಷಕ್ಕ ಈಗಿಂದಾನ ಹೊಸಾದು ತಗೋಬೇಕು ನಾ."

ಮಾವ ಅತ್ತ. ನಾನೂ ಅತ್ತೆ. ಇದರಲ್ಲಿ ನಾಚಿಕೆ ಏನು?

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನನ್ನ ಬಿಳಿ ಅಂಗಿಯ ಹೆಗಲ ಮೇಲೆ ಮಣ್ಣಿನ ಹೆಜ್ಜೆ ಅಚ್ಚೊತ್ತಿತ್ತು. ಅದನ್ನೇ ನೋಡುತ್ತ, "ನಡುವ ನಿಂತಿದ್ರೇನ್ರಿ?" ಎಂದಳು. ಅಂಗಿಯನ್ನು ನಾನು ಇನ್ನೂ ಒಗೆಯಲು ಹಾಕಿಲ್ಲ.

ಕನ್ನಡಿಗರೆಲ್ಲ ಒಂದೇ ರಾಜ್ಯವಾಗಬೇಕೆಂದು ನಾವು ಕೇಳಿ ಕೇಳಿ ಗಂಟಲು ಒಣಗಿತು. ಮುಂಬಯಿಯವರು, ಹೈದರಾಬಾದಿನವರು, ಮದ್ರಾಸಿನವರು, ಮೈಸೂರಿನವರು: ಇಷ್ಟು ಸರಕಾರಗಳ ಕೆಳಗೆ ಬೆಳೆದವರು ಒಟ್ಟಿಗೆ ಬಾಳುತ್ತಾರೆಯೇ ಎಂದು ದೊಡ್ಡವರು ಇನ್ನೂ ಯೋಚನೆ ಮಾಡುತ್ತಿದ್ದಾರೆ. ಮಾಡಲಿ. ನಾವಂತೂ ಪಾಸು ಕೊಡುವುದನ್ನು ಕಲಿತೆವು. ಸೀಟಿಯ ತನಕ ಕೈ ಕೈ ಹಿಡಿದು ಕಾಯುವುದನ್ನೂ ಕಲಿತೆವು. ಹೆಗಲು ತಯಾರಿದೆ, ಹಲಗಿ ತಯಾರಿದೆ, ಗೌಡರ ಹೊಸ ರುಮಾಲೂ ತಯಾರಾಗುತ್ತಿದೆ.

ದಿಲ್ಲಿಯ ರೆಫ್ರೀಗಳೇ, ಸೀಟಿ ಯಾವಾಗ ಊದುತ್ತೀರಿ?