ಗಾಳಿ ಏಳುವ ಮುಂಚೆ ಮಾತಾಡಿದ ವಾಕಿಟಾಕಿ

ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಕ್ಕೆ ಹೊಸ ರೆಕ್ಕೆ ಏರಿಸುವ ದಿನ. ಬಿಸಿಲೇರಿ ಗಾಳಿ ಜೋರಾದರೆ ಕ್ರೇನ್ ಎತ್ತುವಂತಿಲ್ಲ. ಅಲ್ಲಿನ ಕೆಲಸಗಾರರ ವಾಕಿಟಾಕಿಗಳಿಗೆ ಹೊಸ ತರಂಗಾಂತರ ಮಂಜೂರಾಗಿತ್ತು, ಹಳೆಯದನ್ನು ಬಳಸುವಂತಿರಲಿಲ್ಲ. ಹೊಸದನ್ನು ಕಂಪ್ಯೂಟರಿನಿಂದಲೇ ತುಂಬಬೇಕು. ಹುಬ್ಬಳ್ಳಿಯ ರೇಡಿಯೋ ಅಂಗಡಿಯವರು ನಾಳೆ ಬರುತ್ತೇವೆಂದರಂತೆ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಲ್ಯಾಪ್‌ಟಾಪ್, ಕೇಬಲ್ ಚೀಲಕ್ಕೆ ಹಾಕಿ ನಸುಕಿನಲ್ಲೇ ನರಗುಂದದ ನನ್ನ ಅಂಗಡಿಯಿಂದ ಸ್ಕೂಟರ್ ಬಿಟ್ಟೆ. ಕರೆಯುವವರೆಗೆ ಕಾಯುವವರು ವ್ಯಾಪಾರಕ್ಕೆ ಇಳಿಯಬಾರದು.

ಸೂಪರ್‌ವೈಸರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಕ್ಕಾರ, ಇದು ಮೊಬೈಲ್ ರಿಚಾರ್ಜ್ ಅಲ್ರಿ."

"ರಿಚಾರ್ಜ್‌ನಿಂದನ ಅಂಗಡಿ ಸುರು ಮಾಡೇನ್ರಿ. ಗಾಳಿ ಏಳೂದ್ರಾಗ ಇವನ್ನ ಮಾತಾಡ್ಸಿದ್ರ ಇವುಗಳ ವರ್ಷದ ರಿಪೇರಿ ಕೆಲಸ ನಂಗ. ಆಗ್ಲಿಲ್ಲಂದ್ರ ಏನೂ ಕೊಡಬ್ಯಾಡ್ರಿ."

"ಆತ್ರಿ, ಲಗೂ ಮಾಡ್ರಿ."

ಕೇಬಲ್ ಚುಚ್ಚಿದೆ. ಪರದೆಯ ಮೇಲೆ ಒಂದೇ ಹಟ: ರೇಡಿಯೋ ಸಿಗುತ್ತಿಲ್ಲ. ಇನ್ನೊಂದನ್ನು ಹಚ್ಚಿದೆ. ಅದೂ ಹಾಗೇ. ಕೇಬಲ್ ಬದಲಿಸಿದೆ, ಲ್ಯಾಪ್‌ಟಾಪ್ ಆರಿಸಿ ಹಚ್ಚಿದೆ. ಸೂಪರ್‌ವೈಸರ್ ಗಡಿಯಾರ ನೋಡಿಕೊಳ್ಳುತ್ತಿದ್ದರು. ವರ್ಷದ ಕೆಲಸ ಕೈಜಾರುತ್ತಿರುವುದು ಕಣ್ಣಿಗೇ ಕಾಣುತ್ತಿತ್ತು!

ಸುಮ್ಮನೆ ಒಂದು ವಾಕಿಟಾಕಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಕೇಬಲ್ ಕೂರುವ ಜಾಗದ ರಬ್ಬರ್ ಮುಚ್ಚಳ ಎಂದೋ ಕಳೆದುಹೋಗಿತ್ತು. ಒಳಗೆಲ್ಲ ಕೆಂಪು!

"ದಸರಾದ ಖಂಡೇಪೂಜಿ ಇವಕ್ಕೂ ಮಾಡೀರೇನ್ರಿ?"

ಕ್ರೇನ್ ನಡೆಸುವ ರೋಣದ ಚಾಚಾ ಬಿದ್ದು ಬಿದ್ದು ನಕ್ಕರು. "ಕ್ರೇನಿಗೆ ಮಾಡಿದವ್ರು ಇವನ್ನ ಬಿಡ್ತಾರೇನವಾ? ಸೂಪರ್‌ವೈಸರ್ ಸಾಹೇಬ್ರು ತಮ್ಮ ಕೈಯಾರ ಕುಂಕುಮ ಕಲಿಸಿ ಹಚ್ಚ್ಯಾರ. ನನಗೂ ಹಚ್ಚಾಕ ಬಂದಿದ್ರು, ಓಡಿದೆ!"

ಎಲ್ಲರೂ ನಕ್ಕರು, ಸೂಪರ್‌ವೈಸರ್ ಒಬ್ಬರನ್ನು ಬಿಟ್ಟು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಸ್ಪಿರಿಟ್ ತರಿಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದನ್ನೂ ತಿಕ್ಕಿ ಆರಲು ಬಿಟ್ಟೆ. ಕೇಬಲ್ ಹಚ್ಚಿದೆ. ರೇಡಿಯೋದ ಒಳಗಿರುವುದನ್ನು ಓದುತ್ತ ಪರದೆಯ ಮೇಲೆ ಹಸಿರು ಗೆರೆ ಓಡತೊಡಗಿತು!

"ಓದೂದು ಬಿಡ್ರಿ ಅಕ್ಕಾರ, ಸೀದಾ ಬರದಬಿಡ್ರಿ. ಗಾಳಿ ಬರಾಕತ್ತೈತಿ." ಸೂಪರ್‌ವೈಸರ್ ಅವಸರಪಡಿಸಿದರು.

"ಆಗಂಗಿಲ್ರಿ."

ಈ ಕೆಲಸಕ್ಕಿಳಿಯುವವರು ಕೇಳಿಸಿಕೊಳ್ಳಿ: ರೇಡಿಯೋದ ಒಳಗಿರುವುದನ್ನು ಮೊದಲು ಓದಿ ಉಳಿಸಿಕೊಳ್ಳಬೇಕು, ಹೊಸದನ್ನು ಬರೆಯುವುದು ಆಮೇಲೆ. ಓದಿದ್ದಕ್ಕೇ ಗೊತ್ತಾಯಿತು, ಗಾಳಿಯಂತ್ರದ ಗೋಪುರದ ತುದಿಯಲ್ಲಿರುವವನು ಅಪಾಯ ಕಂಡು ಕಿತ್ತಳೆ ಗುಂಡಿ ಒತ್ತಿದರೆ ಚಾಚಾನ ರೇಡಿಯೋ ಕೂಗಿಕೊಳ್ಳುವ ಏರ್ಪಾಡು ಅದರಲ್ಲಿತ್ತು. ಸೀದಾ ಬರೆದಿದ್ದರೆ ಅದು ಅಳಿಸಿಹೋಗುತ್ತಿತ್ತು. ಅದನ್ನು ಹಾಗೇ ಇಟ್ಟು ತರಂಗಾಂತರ ಮಾತ್ರ ಬದಲಿಸಿದೆ.

ರೆಕ್ಕೆ ಕೂರಿಸುವ ಫಿಟ್ಟರ್ ಗೋಪುರ ಹತ್ತಿದ. ಸ್ವಲ್ಪ ಹೊತ್ತಿಗೆ ಚಾಚಾನ ರೇಡಿಯೋದಲ್ಲಿ ಪರೀಕ್ಷೆಗೆಂದು ಗುಂಡಿ ಒತ್ತಿದ ಕೂಗು, ಹಿಂದೆಯೇ ಅವನ ದನಿ: "ಚಾಚಾ, ಕೇಳ್ತೈತೇನ್ರಿ?"

"ಪಕ್ಕದಾಗ ಕುಂತಂಗ ಕೇಳ್ತೈತಲೇ!"

ರೆಕ್ಕೆ ನೆಲ ಬಿಟ್ಟಿತು. "ಎಡಕ್ಕ... ಇನ್ನಷ್ಟು... ನಿಲ್ರಿ!" ಮೇಲಿನ ದನಿಯಂತೆ ಚಾಚಾನ ಕೈ ಆಡುತ್ತಿತ್ತು. "ಕುಂತೈತಿ!" ಎಂಬ ಕೂಗು ಎಲ್ಲ ವಾಕಿಟಾಕಿಗಳಲ್ಲೂ ಒಟ್ಟಿಗೇ ಬಂದಾಗ ನಾನೂ ಹುಡುಗಿಯಂತೆ ಕೂಗಿಬಿಟ್ಟೆ.

ಸೂಪರ್‌ವೈಸರ್ ಬೆವರು ಒರೆಸಿಕೊಂಡರು. "ಗೆದ್ರಿ ಅಕ್ಕಾರ. ಕರಾರು ಪತ್ರ ನಾಳಿ ಕಳಸ್ತೀನ್ರಿ."

"ನಾಳಿ ಅನ್ನೂದು ಹುಬ್ಬಳ್ಳಿಯವ್ರ ಮಾತ್ರಿ. ನಂದು ಇವತ್ತ."

ಚಾಚಾ ಕ್ರೇನಿನಿಂದಲೇ ಕೂಗಿದರು: "ಸಹಿ ಮಾಡ್ರಿ ಸಾಹೇಬ್ರ, ಇಲ್ಲಾಂದ್ರ ಈಕಿ ನಿಮಗೂ ಸ್ಪಿರಿಟ್ ಹಚ್ಚಿ ತಿಕ್ಕ್ಯಾಳು!"

ಜೀಪಿನ ಬಾನೆಟ್ಟಿನ ಮೇಲೆಯೇ ಸಹಿ ಬಿತ್ತು. ಶಾಯಿ ಆರುವ ಮೊದಲೇ ಫೋನಿನಲ್ಲಿ ಫೋಟೋ ತೆಗೆದುಕೊಂಡೆ.