ಅತ್ತೆ ಬಿಟ್ಟ ಶನಿವಾರ

ನಮ್ಮತ್ತೆ ಶನಿವಾರ ಹಗಲು ಒಂದು ಅಗುಳೂ ಮುಟ್ಟುತ್ತಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆಯೇ ಊಟ. ಕಾಫಿ ಮಾತ್ರ ಕುಡಿಯುತ್ತಿದ್ದರು. ನಮ್ಮ ಕಡೆ ಕಾಫಿಯನ್ನು ಯಾರೂ ಆಹಾರವೆಂದು ಎಣಿಸುವುದಿಲ್ಲ. ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ ನಾವಿಬ್ಬರೂ ಕಾಫಿಹಣ್ಣು ಕುಯ್ಯುವವರು. ಅವರ ಕೈ ಶನಿವಾರವೇ ಹೆಚ್ಚು ಚುರುಕು.

"ಹನ್ನೊಂದು ಗಂಟೆಗೆ ಒಂದ್ಸಲ ಹೊಟ್ಟೆ ಕೂಗ್ತದೆ ಮಾರಾಯ್ತಿ. ಮಾತಾಡ್ಸ್ದೆ ಬಿಟ್ರೆ ಅದೇ ಸುಮ್ನಾಗ್ತದೆ. ಆಮೇಲೆ ಮೈಯೆಲ್ಲ ಹಗುರ," ಎನ್ನುತ್ತಿದ್ದರು. ಮಾವ ತೀರಿಕೊಂಡ ವಾರವೂ ಬಿಡದ ಉಪವಾಸ ಅದು. ತನ್ನದು ಅಂತ ಅವರಿಗಿದ್ದದ್ದು ಅದೊಂದೇ.

ಅವರಿಗೆ ಸಕ್ಕರೆ ಕಾಯಿಲೆಯಿತ್ತು. ಸಣ್ಣದೊಂದು ಮಾತ್ರೆಯಲ್ಲಿ ನಡೆಯುತ್ತಿತ್ತು. ಹೋದ ವರ್ಷ ಎಸ್ಟೇಟಿನಲ್ಲಿ ರಕ್ತ ಪರೀಕ್ಷೆ ಇಟ್ಟರು. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹೇಳಿದ್ದನ್ನು ಮನೆಮನೆಗೆ ಸಾರಿದವಳು ನಾನೇ. ಪಿಯುಸಿ ಓದಿದವಳಲ್ಲವೇ, ಗತ್ತು! ಅವತ್ತು ಬೆಳಿಗ್ಗೆ ರೊಟ್ಟಿ ತಟ್ಟಲಿಲ್ಲ. ಆದರೆ ಚಳಿಯಿದೆಯೆಂದು ದೊಡ್ಡ ಲೋಟದಲ್ಲಿ ಬೆಲ್ಲದ ಕಾಫಿ ಮಾಡಿ ಅತ್ತೆಯ ಕೈಗೆ ಕೊಟ್ಟೆ. "ಏನಾದ್ರೂ ತಗೊಂಡಿದ್ದಾರಾ?" ಎಂದು ಡಾಕ್ಟರ್ ಕೇಳಿದಾಗ, "ಏನೂ ಇಲ್ಲ ಸರ್," ಎಂದವಳೂ ನಾನೇ. ಸಕ್ಕರೆ ಹೆಚ್ಚು ಬಂತು. ಮಾತ್ರೆಯನ್ನು ಜೋರು ಮಾಡಿದರು.

ಮುಂದಿನ ಶನಿವಾರ ಅತ್ತೆ ಆ ಮಾತ್ರೆ ನುಂಗಿ ಎಂದಿನಂತೆ ಉಪವಾಸವಿದ್ದರು. ಮಧ್ಯಾಹ್ನದ ಹೊತ್ತಿಗೆ ಚಳಿಯಲ್ಲೂ ಬೆವರಿದರು. ಕೈ ನಡುಗಿ ಕುಯ್ದ ಹಣ್ಣೆಲ್ಲ ಚೆಲ್ಲಿತು. ನನ್ನ ಮುಖ ನೋಡಿ "ನೀನ್ಯಾರೇ?" ಎಂದರು, ಅಲ್ಲೇ ಕುಸಿದರು.

ಮೂಡಿಗೆರೆಯ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ ಕಣ್ಣುಬಿಟ್ಟರು. ಎಸ್ಟೇಟಿಗೆ ಬಂದಿದ್ದ ಡಾಕ್ಟರೇ ಅಲ್ಲಿದ್ದರು. ಹೊರಗೆ ನನ್ನನ್ನು ಕರೆದು, "ರಕ್ತ ಕೊಟ್ಟ ದಿನ ಕಾಫಿ ಏನಾದ್ರೂ ಕುಡಿದಿದ್ರಾ?" ಎಂದರು. ಅವತ್ತು ಸಕ್ಕರೆ ಹೆಚ್ಚು ತೋರಿಸಿದ್ದು ನನ್ನ ಬೆಲ್ಲದ ಕಾಫಿಯೆಂದು ಆಗ ನನಗೆ ಹೊಳೆಯಿತು. ಡಾಕ್ಟರಿಗೆ ನಿಜ ಹೇಳಿದೆ. ಮಾತ್ರೆಯನ್ನು ಮತ್ತೆ ಮೊದಲಿನಷ್ಟಕ್ಕೇ ಇಳಿಸಿದರು.

ಒಳಗೆ ನನ್ನ ಗಂಡ ತಾಯಿಯನ್ನು ಗದರುತ್ತಿದ್ದ. "ಉಪ್ವಾಸ ಉಪ್ವಾಸ ಅಂತ ಸಾಯಕ್ಕೆ ಹೊರ್ಟಿದ್ದೀಯಾ?"

"ನಂದೇ ತಪ್ಪು ಮಾರಾಯ. ಇನ್ಮೇಲೆ ಮಾಡಲ್ಲ," ಎಂದರು ಅತ್ತೆ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಕಾಫಿಯ ಮಾತು ಎತ್ತಲಿಲ್ಲ. ಅಂಜುಬುರುಕಿ ನಾನು, ಇವತ್ತಿಗೂ ಎತ್ತಿಲ್ಲ.

ಈಗ ಶನಿವಾರ ಬೆಳಿಗ್ಗೆ ಅತ್ತೆ ದೇವರ ಪಟಕ್ಕೆ ಬೆನ್ನು ಹಾಕಿ ಕೂತು ತಿಂಡಿ ತಿನ್ನುತ್ತಾರೆ. ಮೊನ್ನೆ ತಲೆಯೆತ್ತದೆ, "ನೀನು ಹತ್ರ ಇದ್ದಿದ್ಕೆ ಜೀವ ಉಳೀತು ಕಣೇ," ಎಂದರು.

ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.